ಓಬಮ್ಮ ಹೇಳಿದ್ದು, ನಾನು ಹೇಳಿದ್ದು

ಫೆಬ್ರುವರಿ ೩, ಸೋಮವಾರ

ಇವತ್ತು ಕೆಲಸಕ್ಕೆ ಸೇರಿದೆ. ಹರಪನಹಳ್ಳಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಇಂಗ್ಲಿಷ್ ಪಾಠ ಮಾಡಿದ್ದು ಸಾಕು. ಇನ್ನು ಆ ಇಂಗ್ಲಿಷನ್ನು ಬಾಯಿಬಿಟ್ಟು ಆಡುವ ಕಾಲ. ಕಂಪನಿಯ ಕ್ಯಾಂಪ್ ಆಫೀಸು ಕೊಟ್ಟೂರಿನ ಹೊರಗಿದೆ. ಹೊರಗಿನಿಂದ ತಗಡಿನ ಶೆಡ್ಡು, ಒಳಗೆ ಏಸಿ. ನನ್ನ ಕುರ್ಚಿಗೆ ಚಕ್ರಗಳಿವೆ. ಯಾರೂ ಇಲ್ಲದಾಗ ಒಂದು ಸುತ್ತು ತಿರುಗಿ ನೋಡಿದೆ.

ಕೆಲಸ ಇಷ್ಟು. ಕೂಡ್ಲಿಗಿಯಿಂದ ಕೊಟ್ಟೂರಿನ ಮೇಲೆ ಹರಪನಹಳ್ಳಿಗೆ ಟೋಲ್ ಹೆದ್ದಾರಿ ಬರುತ್ತದೆ. ಜಾಗ ಸರ್ಕಾರದ್ದು, ಕಟ್ಟುವುದು ನಮ್ಮ ಕಂಪನಿ, ಹಣದ ದೊಡ್ಡ ಪಾಲು ಹೊರದೇಶದ ಒಂದು ಬ್ಯಾಂಕಿನ ಸಾಲ. ಕಟ್ಟಿದ ಮೇಲೆ ಕಂಪನಿ ವರ್ಷಗಟ್ಟಲೆ ಟೋಲ್ ಎತ್ತಿ ಆ ಸಾಲ ತೀರಿಸುತ್ತದೆ. ಆದರೆ ಬ್ಯಾಂಕಿನವರು ಕಣ್ಣು ಮುಚ್ಚಿ ಕೊಡುವವರಲ್ಲ. ದಾರಿಯ ಊರುಗಳ ಜನರನ್ನು ಅವರ ಪ್ರತಿನಿಧಿಯೇ ಬಂದು ಮಾತಾಡಿಸಬೇಕು, ಒಪ್ಪಿಗೆಯಾದರೆ ಮಾತ್ರ ಸಹಿ. ಹಾಗೆ ಬರುವವರು ನಾರ್ವೆಯ ಮಾರಿಟ್ ಎಂಬ ಮೇಡಂ. ಅವರ ಇಂಗ್ಲಿಷಿಗೂ ನಮ್ಮ ಜನರ ಕನ್ನಡಕ್ಕೂ ನಡುವೆ ನಾನು.

ಮ್ಯಾನೇಜರ್ ವರ್ಧನ್ ಸರ್ ಹೈದರಾಬಾದಿನವರು. ಕನ್ನಡ ಬರುವುದಿಲ್ಲ. ಕರೆದು ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದರು: “ನಾಗರತ್ನ, ಜನ ಹೇಳಿದ್ದನ್ನೆಲ್ಲ ಹೊತ್ತು ತರಬೇಡ. ಸಾರಾಂಶ ಕೊಡು. ಸಾರಾಂಶ ಯಾವಾಗಲೂ ಮೆತ್ತಗಿರಬೇಕು.” ಪಾಠ ಮಾಡಿದವಳಿಗೆ ಸಾರಾಂಶ ಹೇಳಿಕೊಡಬೇಕೆ? ಕೆಲಸ ಚೆನ್ನಾಗಿ ಆದರೆ ಹೈದರಾಬಾದಿನ ಹೆಡ್ ಆಫೀಸಿಗೇ ಕರೆಸಿಕೊಳ್ಳುತ್ತಾರಂತೆ! ಅವ್ವನಿಗೆ ಇನ್ನೂ ಹೇಳಿಲ್ಲ. ನಮ್ಮವ್ವ ಗಾಳೆಮ್ಮನ ಕಿವಿಗೆ ಬಿದ್ದದ್ದು ಕೂಡ್ಲಿಗಿಯ ಇಡೀ ಓಣಿಗೆ ಬಿದ್ದಂತೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಫೆಬ್ರುವರಿ ೬, ಗುರುವಾರ

ಮೊದಲ ಸಭೆ. ಕೆಂಚನಹಟ್ಟಿಯ ಬೇವಿನ ಮರದ ಕೆಳಗೆ. ಕೊಟ್ಟೂರು ದಾಟಿ ಹರಪನಹಳ್ಳಿ ಕಡೆಗೆ ಹೋದರೆ ಸಿಗುವ ಕುರಿಗಾರರ ಹಟ್ಟಿ. ಮಾರಿಟ್ ಮೇಡಂ ಎತ್ತರದ ಹೆಂಗಸು, ಬಿಳಿ ಕೂದಲು, ಗಂಡಸರಂಥ ಬೂಟು. ಹಟ್ಟಿಯವರು ಹೆಸರು ಕೇಳಿದರು. ಹೇಳಿದೆ. ಆ ಕ್ಷಣದಿಂದ ಆಕೆ “ಮಾರೆಮ್ಮ”. ಒಬ್ಬ ಅಜ್ಜಿ ಕೈಯನ್ನೂ ಮುಗಿದಳು. ಮೇಡಂ ತಿರುಗಿ ಕೈ ಮುಗಿದರು.

ಮೊದಲು ಮಾತಾಡಿದವಳು ಓಬಮ್ಮ. ಗಂಡ ಮೈಲಪ್ಪ ಪಕ್ಕದಲ್ಲೇ ಕೂತಿದ್ದ. ಆದರೆ ಆ ಮನೆಯ ಬಾಯಿ ಓಬಮ್ಮನದು ಎಂದು ಕೂಡಲೇ ಗೊತ್ತಾಯಿತು. ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡಳು.

“ಈ ಕಡಿ ನಮ್ಮ ಹಟ್ಟಿ. ಆ ಕಡಿ ನಮ್ಮ ಗುಡ್ಡ, ನಮ್ಮ ಕೆರಿ. ನಡುವ ಆಳೆತ್ತರ ಒಡ್ಡು ಹಾಕಿ ರಸ್ತಿ ಒಯ್ತಾರಂತ. ಮೊದಲು ಕುರಿ ಹಾಯಾಕ ದೊಡ್ಡ ಅಂಡರ್‌ಪಾಸ್ ಮಾಡ್ತೀವಿ ಅಂದ್ರು. ಈಗ ನೋಡಿದ್ರ ಪೈಪಿನ ಮೋರಿ ಅಂತಾರ. ನಮ್ಮ ಕುರಿ ಏನು ಇಲಿ ಆದಾವೇನ್ರಿ? ಹೇಳಿಬಿಡ್ರಿ ಅವರಿಗೆ. ಮೋರಿ ಹಾಕಿದ್ರ ಹಿಂಡು ತಂದು ರಸ್ತಿ ನಡುವ ಮಲಗಿಸ್ತೀನಿ. ಟೋಲ್ ಗೇಟಿಗೆ ಟಗರು ಕಟ್ಟತೀನಿ. ಯಾವ ಲಾರಿ ಹೊಕ್ಕತೈತಿ ನೋಡ್ತೀನಿ!”

ನಾನು ಇಂಗ್ಲಿಷಿನಲ್ಲಿ ಹೇಳಿದೆ: “ಕುರಿಗಳು ದಾಟುವ ಬಗ್ಗೆ ಈಕೆಗೆ ಒಂದು ಸಣ್ಣ ಸಲಹೆ ಇದೆ.”

ಮಾರಿಟ್ ಮೇಡಂ ಓಬಮ್ಮನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. “ಅಷ್ಟೇನಾ?”

“ಅಷ್ಟೇ ಮೇಡಂ.”

ಮೇಡಂ ತಲೆಯಾಡಿಸಿ ಬರೆದುಕೊಂಡರು. ವರ್ಧನ್ ಸರ್ ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿದರು. ವಾಪಸ್ ಬರುವಾಗ ಡ್ರೈವರ್ ಅಂಜಿನಿ ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಅಂದ: “ಮೇಡಮ್ಮೋರ, ಆ ಕಡಿ ಒಂದು ಚೀಲ ಮೆಣಸಿನಕಾಯಿ ಹಾಕಿದ್ರ ಈ ಕಡಿ ಒಂದು ಚೂರು ಬೆಲ್ಲ ಬಿತ್ತಲ್ರಿ! ಭಾರಿ ಮಿಷನ್ ಅದೀರಿ ನೀವು.”

ಅಂಜಿನಿ ಹಗರಿಬೊಮ್ಮನಹಳ್ಳಿಯವನು. ಹೊಗಳಿದನೆಂದೇ ತಿಳಿದುಕೊಂಡೆ.

ಫೆಬ್ರುವರಿ ೧೦, ಸೋಮವಾರ

ಮತ್ತೆರಡು ಊರು ಮುಗಿದವು. ಒಂದು ಕಡೆ ಬಸ್ ನಿಲ್ದಾಣ ಎಲ್ಲಿ ಹೋಗುತ್ತದೆ ಎಂದು ಜಗಳ, ಇನ್ನೊಂದು ಕಡೆ ಬಾವಿ ಹೋಯಿತೆಂದು ಗದ್ದಲ. ನನ್ನ ಸಾರಾಂಶದಲ್ಲಿ ಎರಡೂ ಊರು ಬಹಳ ಸಂತೋಷವಾಗಿವೆ.

ಫೆಬ್ರುವರಿ ೧೩, ಗುರುವಾರ

ಸಭೆ ಇಲ್ಲ. ಹಟ್ಟಿಗಳೆಲ್ಲ ಖಾಲಿ, ಜನ ಮೈಲಾರದ ಜಾತ್ರೆಗೆ ಹೋಗಿದ್ದಾರೆ.

ಅವ್ವ ಹರಪನಹಳ್ಳಿಗೆ ಹೋಗಿ ಬಂದಳು. ಬಸ್ಸಿನಿಂದ ಇಳಿದು ಬಂದವಳೇ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟಳು. “ನಾ ಇಲ್ಲಿ ಇಳದೀನಿ ನೋಡವಾ. ನನ್ನ ಸೊಂಟ ಕೊಟ್ಟೂರಾಗ ಇಳದೈತಿ. ನಿಮ್ಮ ಕಂಪನಿಯವರು ರಸ್ತಿ ಯಾವಾಗ ಮಾಡ್ತಾರ?” ಆಗುತ್ತದೆ, ಸಾಲ ಒಂದು ಬರಲಿ ಎಂದೆ. “ಸಾಲ ತಂದು ರಸ್ತಿ ಮಾಡ್ತಾರೇನ? ಯಾರು ತೀರಸ್ತಾರ?” ಟೋಲಿನಿಂದ ತೀರುತ್ತದೆ ಎಂದೆ. ಅವ್ವ ಸೊಂಟ ನೀವಿಕೊಂಡಳು. “ಅಂದ್ರ ನಾವ ತೀರಸ್ತೀವಿ ಅನ್ನು.”

ಹಾಗೇನೂ ಅಲ್ಲ ಎಂದು ಬಿಡಿಸಿ ಹೇಳಹೊರಟೆ. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿತು.

ಫೆಬ್ರುವರಿ ೧೭, ಸೋಮವಾರ

ಇವತ್ತು ಕಾರಿನಲ್ಲಿ ಮಾರಿಟ್ ಮೇಡಂ ಮತ್ತು ನಾನು ಇಬ್ಬರೇ, ಮುಂದೆ ಅಂಜಿನಿ. ಕೊಟ್ಟೂರಿನಲ್ಲಿ ನಿಲ್ಲಿಸಿ ಮೇಡಂ ಮಿರ್ಚಿ ಬಜ್ಜಿ ತಿಂದರು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಆಮೇಲೆ ಕಿಟಕಿಯ ಹೊರಗೆ ನೋಡುತ್ತ ಹೇಳಿದರು:

“ನಾಗರತ್ನ, ರಸ್ತೆಗೆ ಸಾಲ ಕೊಡುವ ಮೊದಲು ನಾನು ಎಷ್ಟೋ ದೇಶ ಸುತ್ತಿದ್ದೇನೆ. ಜನ ಬೈದಿದ್ದಾರೆ, ಅತ್ತಿದ್ದಾರೆ. ಒಂದೂರಲ್ಲಿ ಟೊಮೆಟೊ ಎಸೆದರು. ಅಲ್ಲೆಲ್ಲ ಸಾಲ ಕೊಟ್ಟಿದ್ದೇವೆ. ಬೈಯುವವರ ಕಷ್ಟ ಏನೆಂದು ತಿಳಿಯುತ್ತದೆ, ತಿಳಿದರೆ ಸರಿಮಾಡಬಹುದು. ಇಲ್ಲಿ ಎಲ್ಲರೂ ಸಂತೋಷವಾಗಿದ್ದಾರೆ. ನನಗೆ ಹೆದರಿಕೆಯಾಗುತ್ತಿದೆ.”

“ಯಾಕೆ ಮೇಡಂ?”

“ಜನರ ಬಾಯಿ ಯಾರೋ ಕಟ್ಟಿದ್ದಾರೆ ಅನಿಸುತ್ತದೆ. ಅಂಥ ಕಡೆ ನಮ್ಮ ಬ್ಯಾಂಕು ಹಣ ಇಡುವುದಿಲ್ಲ. ಇನ್ನೊಂದು ಸುತ್ತು ನೋಡುತ್ತೇನೆ. ಹೀಗೇ ಇದ್ದರೆ ಸಾಲ ಬೇಡ ಎಂದು ಬರೆದು ಹೊರಡುತ್ತೇನೆ.”

ಕೈಯಲ್ಲಿದ್ದ ಮಿರ್ಚಿಯನ್ನು ಕಾಗದಕ್ಕೆ ವಾಪಸ್ ಇಟ್ಟೆ. ಇದೆಂಥ ಬ್ಯಾಂಕು? ಸರ್‌ಗೆ ಹೇಳಿದರೆ “ಇನ್ನೂ ಮೆತ್ತಗೆ ಹೇಳು” ಅಂದಾರು. ಹೇಳಲಿಲ್ಲ.

ಫೆಬ್ರುವರಿ ೧೯, ಬುಧವಾರ

ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹಿಂದಿನಿಂದ ರಟ್ಟೆ ಹಿಡಿದರು. ಓಬಮ್ಮ! ಕಂಕುಳಲ್ಲಿ ಮಂಡಕ್ಕಿಯ ಚೀಲ.

“ಬಾ ಇಲ್ಲಿ, ಕುಂದ್ರು. ಒಂದು ಮಾತು ಕೇಳ್ತೀನಿ. ಅವತ್ತು ನಾ ಅಷ್ಟು ಬೈದ್ನಿ. ಮಾರೆಮ್ಮ ಹೂಂ ಹೂಂ ಅಂತ ತಲಿ ಆಡ್ಸಿದ್ಳು. ಬೈಸ್ಕೊಂಡೋರು ಹಾಂಗ ತಲಿ ಆಡಸ್ತಾರೇನ? ನನ್ನ ಮಾತು ನಿನ್ನ ಬಾಯಾಗ ಹೊಕ್ಕು ಏನಾಗಿ ಹೊರಗ ಬಿತ್ತು?”

“ಸಾರಾಂಶ ಹೇಳ್ದೆ, ದೊಡ್ಡವ್ವ.”

“ಹಂಗಂದ್ರ?”

“ಮಾತಿನ ತಿರುಳು.”

“ತಿರುಳು ನೀ ತಿಂದು ಅಕಿಗೆ ಕರಟ ಕೊಟ್ಟೀಯಲ್ಲ ಯವ್ವಾ.”

ಸಿಟ್ಟು ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಆಕೆ ಸಿಟ್ಟು ಮಾಡಲಿಲ್ಲ. ಚೀಲ ಬಿಚ್ಚಿ ನನ್ನ ಮಡಿಲಿಗೆ ಮಂಡಕ್ಕಿ ಸುರಿದಳು. ಆಮೇಲೆ ಹೇಳಿದಳು: “ರಸ್ತಿ ಬ್ಯಾಡ ಅಂತ ಯಾರಂದ್ರು? ನನ್ನ ಸೊಸಿ ಶಿವಲೀಲಾನ್ನ ಹೆರಿಗಿಗೆ ಅಂತ ಹರಪನಹಳ್ಳಿಗೆ ಒಯ್ಯುವಾಗ ಟೆಂಪೋ ತೆಗ್ಗಿನಾಗ ಸಿಕ್ಕೊಂತು. ಮೊಮ್ಮಗ ಟೆಂಪೋದಾಗ ಹುಟ್ಟಿದ. ಕಂಬಳಿ ಅಡ್ಡ ಹಿಡದ್ವಿ. ರಸ್ತಿ ಬೇಕವಾ. ಕುರೀನೂ ಬೇಕು. ಎರಡೂ ಹೇಳು. ಒಂದ ಹೇಳಿದ್ರ ಸುಳ್ಳಾಕ್ಕೈತಿ.”

ಆಕೆಗೆ ರಸ್ತೆ ಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ, ಮೆತ್ತಗೆ ಮಾಡುವುದರಲ್ಲೇ ಮುಳುಗಿದ್ದೆ.

ಫೆಬ್ರುವರಿ ೨೧, ಶುಕ್ರವಾರ

ಕೆಂಚನಹಟ್ಟಿಯಲ್ಲಿ ಎರಡನೇ ಸಭೆ. ವರ್ಧನ್ ಸರ್ ಮೇಡಂ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಫೋನು ನೋಡುತ್ತಿದ್ದರು. ಓಬಮ್ಮ ನೇರ ನನ್ನ ಮುಂದೆ ಬಂದು ನಿಂತಳು.

“ಇವತ್ತು ಒಂದು ನಗೋ ಮಾತು ಹೇಳ್ತೀನಿ. ಮಾರೆಮ್ಮ ನಕ್ರ ನೀ ಹೇಳಿದಿ ಅಂತ ಲೆಕ್ಕ. ನಗಲಿಲ್ಲಂದ್ರ ನಾವು ಎದ್ದು ಹೋಗ್ತೀವಿ. ಹೇಳು: ಆ ಪೈಪಿನ ಮೋರ್ಯಾಗ ಮೊದಲು ನಿಮ್ಮ ಸಾಹೇಬ್ರು ತೂರಿ ಬರಲಿ. ಆ ಹೊಟ್ಟಿ ಈ ಕಡೀಂದ ಆ ಕಡಿಗೆ ಬಂತಂದ್ರ ನನ್ನ ಟಗರೂ ಬರ್ತೈತಿ!”

ಹಟ್ಟಿಗೆ ಹಟ್ಟಿಯೇ ಘೊಳ್ಳೆಂದಿತು. ಸರ್‌ಗೆ ಅರ್ಥವಾಗದೆ ಅವರೂ ಸ್ವಲ್ಪ ನಕ್ಕರು. ಮೇಡಂ ಕಾಯುತ್ತಿದ್ದಾರೆ, ಓಬಮ್ಮ ಕಾಯುತ್ತಿದ್ದಾಳೆ, ಇಡೀ ಹಟ್ಟಿ ಮೇಡಂ ಮುಖವನ್ನೇ ನೋಡುತ್ತಿದೆ.

ಹೇಳಿದೆ. ಇಂಗ್ಲಿಷಿನಲ್ಲಿ, ಒಂದೂ ಮಾತು ಬಿಡದೆ. ಹೊಟ್ಟೆಯ ಹತ್ತಿರ ಬಂದಾಗ ವರ್ಧನ್ ಸರ್ ಫೋನಿನಿಂದ ತಲೆ ಎತ್ತಿದರು.

ಮಾರಿಟ್ ಮೇಡಂ ಎಷ್ಟು ನಕ್ಕರೆಂದರೆ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ನಕ್ಕದ್ದು ನೋಡಿ ಹಟ್ಟಿಯವರು ಮತ್ತೊಂದು ಸಲ ನಕ್ಕರು. ಓಬಮ್ಮ ನನ್ನ ಬೆನ್ನು ತಟ್ಟಿದಳು. ಆಮೇಲೆ ಕುರಿದೊಡ್ಡಿಯ ಬಾಗಿಲು ತೆಗೆದಂತಾಯಿತು. ಕೆರೆ, ಗುಡ್ಡ, ಟೆಂಪೋದಲ್ಲಿ ಹುಟ್ಟಿದ ಮೊಮ್ಮಗ, ರಸ್ತೆ ಬೇಕು ಎನ್ನುವುದು, ಮೋರಿ ಬೇಡ ಎನ್ನುವುದು, ಟೋಲ್ ಗೇಟಿಗೆ ಕಟ್ಟುವ ಟಗರು, ಎಲ್ಲವೂ ಒಂದರ ಬೆನ್ನಿಗೆ ಒಂದು ನುಗ್ಗಿದವು. ಮೇಡಂ ಬರೆದೂ ಬರೆದೂ ಕೈ ಕೊಡವಿಕೊಂಡರು. ಸರ್ ಎದ್ದು ಕಾರಿಗೆ ಹೋದರು.

 ಕ್ಯಾಂಪು ಬಂದಾಗ ಸರ್ ಕೇಳಿದರು: “ನಿನಗೆ ಹೈದರಾಬಾದು ಬೇಡವಾ?”

“ಬೇಕು ಸರ್.”

“ಹಾಗಾದರೆ ಇದೇನು?”

ಬ್ಯಾಗು ಎತ್ತಿಕೊಂಡು ಹೋಗಿ ಬಸ್ಸು ಹತ್ತಿದೆ. ನಾಳೆ ಕೆಲಸ ಇರಲಿಕ್ಕಿಲ್ಲ. ಆದರೂ ಹಸಿವು ಎಂಥದು! ಅವ್ವ ಮಾಡಿದ ರೊಟ್ಟಿ ಎಲ್ಲ ನಾನೇ ತಿಂದೆ.

ಫೆಬ್ರುವರಿ ೨೨, ಶನಿವಾರ

ಕೆಲಸ ಇದೆ!

ಮಾರಿಟ್ ಮೇಡಂ ಬೆಳಿಗ್ಗೆ ಸರ್‌ಗೆ ಫೋನು ಮಾಡಿದರಂತೆ. ಹೊರಡುವುದಿಲ್ಲ, ಇಲ್ಲಿನ ಜನರ ಬಾಯಿ ತೆರೆದಿದೆ, ಇದೇ ಹುಡುಗಿ ಜೊತೆಗಿರಲಿ, ಮುಗಿದ ಊರುಗಳಿಗೂ ಇನ್ನೊಮ್ಮೆ ಹೋಗೋಣ ಎಂದರಂತೆ. ಸರ್ ತಲೆ ಕೆರೆದುಕೊಂಡು ಹೇಳಿದರು: “ಬೈಸಿಕೊಂಡು ಖುಷಿಪಡುವ ಬ್ಯಾಂಕನ್ನು ನಾನು ಎಲ್ಲೂ ಕಂಡಿಲ್ಲ.”

ಫೆಬ್ರುವರಿ ೨೫, ಮಂಗಳವಾರ

ಇವತ್ತಿನದನ್ನು ನೆನೆದರೆ ಬರೆಯಲೂ ಆಗದಷ್ಟು ನಗು.

ಮೇಡಂ ಓಬಮ್ಮನ ಮಾತನ್ನು ತಮಾಷೆಗೆ ಬಿಡಲಿಲ್ಲ. “ನೋಡೇ ಬಿಡೋಣ” ಎಂದರು. ಮೋರಿಗೆಂದು ತಂದ ಸಿಮೆಂಟ್ ಪೈಪುಗಳು ಕ್ಯಾಂಪಿನ ಅಂಗಳದಲ್ಲಿದ್ದವು. ರಸ್ತೆಯ ಅಗಲಕ್ಕೆ ಸರಿಯಾಗಿ ಸಾಲಾಗಿ ಜೋಡಿಸಿದರು. ಮೈಲಪ್ಪ ಹಿಂಡು ಹೊಡೆದುಕೊಂಡು ಬಂದ. ಮೊದಲು ಒಳಗೆ ಹೋದವರು ಮೇಡಂ! ಈ ತುದಿಯಲ್ಲಿ ಬಗ್ಗಿ ಹೊಕ್ಕು ಆ ತುದಿಯಲ್ಲಿ ಮೊಣಕಾಲೆಲ್ಲ ಧೂಳಾಗಿ ಎದ್ದರು. ಹಟ್ಟಿಯ ಹೆಂಗಸರು ಚಪ್ಪಾಳೆ ತಟ್ಟಿದರು.

ಆಮೇಲೆ ಟಗರಿನ ಸರದಿ. ಅದು ಪೈಪಿನ ಬಾಯಿಗೆ ಮೂತಿ ಇಟ್ಟು ಬ್ಯಾ ಎಂದಿತು. ಪೈಪು ತಿರುಗಿ ಬ್ಯಾ ಎಂದಿತು. ಒಳಗೆ ತನಗಿಂತ ದೊಡ್ಡದೊಂದು ಟಗರು ಇದೆಯೆಂದು ತಿಳಿಯಿತೋ ಏನೋ, ಹಿಂದೆ ಸರಿದು ಒಂದೇ ಜಿಗಿತ. ಅದರ ಹಿಂದೆ ಇಡೀ ಹಿಂಡು. ಪೈಪಿಗೆ ಬೆನ್ನು ಹಾಕಿ ಸೀದಾ ಆಫೀಸಿನ ಶೆಡ್ಡಿಗೆ ನುಗ್ಗಿದವು. ಒಳಗೆ ಏಸಿ. ತಂಪು ತಗುಲಿದ್ದೇ ತಡ, ನೆಲದ ಮೇಲೆ ಒತ್ತೊತ್ತಾಗಿ ಮಲಗಿಬಿಟ್ಟವು. ನನ್ನ ಚಕ್ರದ ಕುರ್ಚಿಗೆ ಒಂದು ಮರಿ ಒರಗಿತ್ತು. ವರ್ಧನ್ ಸರ್ ಹುಶ್ ಹುಶ್ ಅಂದರು, ಕೈ ತಟ್ಟಿದರು, ತೆಲುಗಿನಲ್ಲಿ ಬೇಡಿಕೊಂಡರು. ಒಂದೂ ಏಳಲಿಲ್ಲ.

“ಬಿಸಲಾಗ ಬಂದಾವ್ರಿ ಸಾಹೇಬ್ರ,” ಮೈಲಪ್ಪ ಕಂಬಳಿ ಹಾಸಿ ತಾನೂ ಬಾಗಿಲಲ್ಲಿ ಕೂತ. “ಒಂದೀಟು ಸುಧಾರಿಸ್ಕೊಳ್ಳಲಿ ಬಿಡ್ರಿ.”

ಆಗ ಸರ್ ನಕ್ಕರು. ಮೇಜಿನ ತುದಿಗೆ ಕೂತು, ಹೊಟ್ಟೆ ಹಿಡಿದುಕೊಂಡು. ಅವರು ಹೀಗೆ ನಕ್ಕದ್ದನ್ನು ಕಂಡದ್ದು ಇದೇ ಮೊದಲು. ನಗುವಾಗ ಒಳ್ಳೆಯವರ ಹಾಗೆ ಕಾಣುತ್ತಾರೆ.

ಮಾರ್ಚ್ ೪, ಮಂಗಳವಾರ

ಹೆಡ್ ಆಫೀಸು ಅಂಡರ್‌ಪಾಸ್ ಆಗುವುದಿಲ್ಲ ಎಂದಿದೆ. ಖರ್ಚು ಮೇಲೆ ಹೋಗುತ್ತದಂತೆ. ಅಂಡರ್‌ಪಾಸ್ ಇಲ್ಲದಿದ್ದರೆ ಸಾಲ ಇಲ್ಲ ಎಂದು ಮಾರಿಟ್ ಮೇಡಂ. ಸಾಲ ಇಲ್ಲದಿದ್ದರೆ ರಸ್ತೆಯೇ ಇಲ್ಲ. ಮುಂದಿನ ವಾರ ಎರಡೂ ಕಡೆಯ ದೊಡ್ಡವರು ಹರಪನಹಳ್ಳಿಗೆ ಬರುತ್ತಾರೆ.

ಹಟ್ಟಿಗೆ ಹೋಗಿ ಹೇಳಿದೆ. ಓಬಮ್ಮ ಮೊಮ್ಮಗನನ್ನು ತೊಡೆಯ ಮೇಲೆ ಎಳೆದುಕೊಂಡಳು. “ನಾ ಬೈದದ್ದು ಹೆಚ್ಚಾತೇನ?” ಎಂದಳು. ಇಲ್ಲ ಎಂದೆ. ಆದರೆ ನನಗೂ ಖಾತ್ರಿ ಇರಲಿಲ್ಲ.

ಮಾರ್ಚ್ ೧೧, ಮಂಗಳವಾರ

ಹರಪನಹಳ್ಳಿಯಲ್ಲಿ ಸಭೆ. ವೇದಿಕೆಯ ಮೇಲೆ ಕಂಪನಿಯ ದೊಡ್ಡ ಸಾಹೇಬರು, ಬ್ಯಾಂಕಿನ ಹಿರಿಯರಿಬ್ಬರು, ಮೇಡಂ, ವರ್ಧನ್ ಸರ್. ಕೆಳಗೆ ಜನ. ಫ್ಯಾನು ಸದ್ದು ಮಾಡುತ್ತಿತ್ತು, ಗಾಳಿ ಮಾತ್ರ ಇಲ್ಲ.

ಓಬಮ್ಮನನ್ನು ಕರೆದರು. ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಮೈಕಿನ ಮುಂದೆ ನಿಂತಳು. ಮೈಕು ಕೀ ಎಂದಿತು. ಗುಡ್ಡದ ಆಚೆಗೆ ಕೇಳುವಂತೆ ಕೂಗುವ ಹೆಂಗಸಿನ ಗಂಟಲು ಕಟ್ಟಿಹೋಯಿತು. ನನ್ನ ಕೈ ಹಿಡಿದು ಎಳೆದಳು.

“ನೀನ ಹೇಳಬೇ. ನಿನಗ ಎಲ್ಲಾ ಗೊತ್ತೈತಲ್ಲ.”

“ನೀವು ಹೇಳದ ನಾ ಏನು ಹೇಳ್ಲಿ ದೊಡ್ಡವ್ವ?”

“ಇಷ್ಟು ದಿನ ಹೇಳ್ದಷ್ಟು ಹೇಳು.”

ಇಂಗ್ಲಿಷಿನಲ್ಲಿ ಶುರು ಮಾಡಿದೆ. ಟೆಂಪೋದ ಕಥೆ ಹೇಳಿದೆ, ಪೈಪಿನಲ್ಲಿ ಟಗರು ಕೂಗಿದ್ದನ್ನು ಹೇಳಿದೆ. ಆಮೇಲೆ ಮಾತು ತಾನೇ ಮುಂದೆ ಹೋಯಿತು. “ಸಾಲ ಕೊಡುವವರು ನೀವು, ತರುವವರು ಕಂಪನಿಯವರು. ತೀರಿಸುವವರು ನಾವು. ಕೂಡ್ಲಿಗಿಯಿಂದ ಹರಪನಹಳ್ಳಿಗೆ ಹೋಗಿಬರುವ ಪ್ರತಿಸಲವೂ ಗೇಟಿನಲ್ಲಿ ನಿಂತು ತೀರಿಸುತ್ತೇವೆ. ನಮಗೆ ರಸ್ತೆ ಬೇಕು, ಅದಕ್ಕೇ ತೀರಿಸಲು ಸಿದ್ಧ. ಅಷ್ಟು ವರ್ಷ ತೀರಿಸುವವರು ಈ ಕಡೆಯಿಂದ ಆ ಕಡೆಗೆ ಹೋಗಲು ಒಂದು ಬಾಗಿಲು ಕೇಳಿದರೆ ಹೆಚ್ಚಾಯಿತೆ?”

ಬ್ಯಾಂಕಿನ ಹಿರಿಯರೊಬ್ಬರು ಮುಂದೆ ಬಾಗಿದರು. “ಇದು ಆ ತಾಯಿ ಹೇಳಿದ್ದೋ?”

“ಇಲ್ಲ, ನಾನು ಹೇಳಿದ್ದು.”

“ಹಾಗಾದರೆ ಅವರಿಗೂ ತಿಳಿಸಿ, ಒಪ್ಪುತ್ತಾರೋ ಕೇಳಿ.”

ನನ್ನ ಮಾತನ್ನು ನಾನೇ ಕನ್ನಡಕ್ಕೆ ಮಾಡಿ ಹೇಳಿದೆ. ಅಷ್ಟರಲ್ಲಿ ಓಬಮ್ಮನ ಗಂಟಲು ಸರಿಹೋಗಿತ್ತು. “ಇದು ನನ್ನ ಮಾತಲ್ರಿ,” ಮೈಕು ನಡುಗುವಂತೆ ಅಂದಳು. “ಆದ್ರ ಚಲೋ ಐತಿ. ನಂದ ಅಂತ ಬರಕೊಳ್ರಿ!”

ಸಭೆ ನಕ್ಕಿತು. ಆ ನಗು ನಿಲ್ಲುವ ಮೊದಲೇ ವರ್ಧನ್ ಸರ್ ಎದ್ದರು. ಟೋಲ್ ಗೇಟಿಗೆ ಹಾಕಲು ಹೊರಟ ಅಲಂಕಾರದ ಕಮಾನು ಕೈಬಿಟ್ಟರೆ ಕೆಂಚನಹಟ್ಟಿಯ ಅಂಡರ್‌ಪಾಸಿನ ಖರ್ಚು ಅದರಲ್ಲೇ ಹುಟ್ಟುತ್ತದೆ, ನಾನು ಲೆಕ್ಕ ಹಾಕಿ ನೋಡಿದ್ದೇನೆ ಎಂದರು. ಯಾರೂ ಅವರನ್ನು ಕೇಳಿರಲಿಲ್ಲ. ದೊಡ್ಡ ಸಾಹೇಬರು ಅವರನ್ನೇ ದಿಟ್ಟಿಸಿದರು. ಸರ್ ಕೂತುಕೊಳ್ಳಲಿಲ್ಲ. ಕೊನೆಗೆ ದೊಡ್ಡ ಸಾಹೇಬರು “ಕಮಾನು ಯಾರಿಗೆ ಬೇಕು” ಎಂದುಬಿಟ್ಟರು.

ಊಟದ ಚಿತ್ರಾನ್ನಕ್ಕೆ ಉಪ್ಪು ಕಡಿಮೆ. ಮೊಸರು ಹುಳಿ.

ಮಾರ್ಚ್ ೨೭, ಗುರುವಾರ

ಯುಗಾದಿಯ ಓಡಾಟ, ಬರೆಯಲು ಪುರುಸೊತ್ತಿಲ್ಲ. ಹೈದರಾಬಾದಿನಿಂದ ಫೋನು ಬಂದಿತ್ತು, ಯಾವಾಗ ಬರುತ್ತೀರಿ ಎಂದು. ಹಡಗಲಿ ಕಡೆಯ ಇನ್ನೊಂದು ರಸ್ತೆಯ ಸಭೆಗಳು ಈಗ ಶುರುವಾಗುತ್ತವೆ, ಅಲ್ಲಿಯ ಇಟ್ಟಿಗಿಯಲ್ಲಿ ಜನ ಕಾಯುತ್ತಾರೆ, ಆಮೇಲೆ ನೋಡೋಣ ಎಂದೆ. ಸಂತೆಯಲ್ಲಿ ಮಾವಿನಕಾಯಿ ಬಂದಿವೆ.

ಏಪ್ರಿಲ್ ೯, ಬುಧವಾರ

ನಿನ್ನೆ ಬೆಂಗಳೂರಿನಲ್ಲಿ ಸಾಲಕ್ಕೆ ಸಹಿ ಬಿತ್ತು. ಮಾರಿಟ್ ಮೇಡಂ ಅಲ್ಲಿಂದಲೇ ಫೋನು ಮಾಡಿ, ಕೆಂಚನಹಟ್ಟಿಯ ಅಂಡರ್‌ಪಾಸು ಸಾಲದ ಷರತ್ತುಗಳಲ್ಲೇ ಸೇರಿದೆ, ಇನ್ನು ಯಾರೂ ತೆಗೆಯಲಾರರು ಎಂದರು. ನಾರ್ವೆಗೆ ಹೋಗುವ ಮುಂಚೆ ಮಿರ್ಚಿ ಮಾಡುವುದು ಹೇಗೆಂದು ಕೇಳಿಕೊಂಡರು.

ಹಟ್ಟಿಗೆ ಸುದ್ದಿ ಮುಟ್ಟಿಸಲು ನಾನು ಹೊರಟಿದ್ದೆ. “ತಡಿ, ನಾನೇ ಹೇಳುತ್ತೇನೆ” ಎಂದು ವರ್ಧನ್ ಸರ್ ಕಾರು ಹತ್ತಿದರು. ದಾರಿಯಲ್ಲಿ ಅಂಜಿನಿಯಿಂದ ಕನ್ನಡದ ಮಾತು ಕೇಳಿ ಕೇಳಿ ಬಾಯಿಪಾಠ ಮಾಡಿದರು. ಓಬಮ್ಮ ಬೇವಿನ ಕೆಳಗೆ ಕುರಿಯ ಕಾಲಿಗೆ ಮದ್ದು ಹಚ್ಚುತ್ತಿದ್ದಳು. ಸರ್ ಮುಂದೆ ನಿಂತು ಕೈ ಮುಗಿದರು.

“ಅಮ್ಮಾ. ನಿಮ್ಮ... ಕುರಿ... ದಾರಿ...” ಅಲ್ಲಿಗೆ ಪಾಠ ಮರೆತುಹೋಯಿತು. “ವಚ್ಚೇಸಿಂದಿ!” ಬಂದೇಬಿಟ್ಟಿತು ಎನ್ನುವುದನ್ನು ತೆಲುಗಿನಲ್ಲೇ ಹೇಳಿಬಿಟ್ಟರು.

ನಾನು ಬಿಡಿಸಿ ಹೇಳಲು ಬಾಯಿ ತೆರೆದೆ. ಓಬಮ್ಮ ಮದ್ದಿನ ಕೈಯಲ್ಲೇ ನನ್ನನ್ನು ತಡೆದಳು. “ನೀ ಸುಮ್ನಿರು. ಸಾಹೇಬ್ರು ನನ್ನ ಜೋಡಿ ಮಾತಾಡಾಕತ್ಯಾರ.” ಆಮೇಲೆ ಅವರ ಕಡೆ ತಿರುಗಿ, ಸೊಗಸಾದ ತೆಲುಗಿನಲ್ಲಿ, “ಕೂರ್ಚೋಂಡಿ ಸಾರ್. ಪಾಲು ತಾಗುತಾರಾ?”

ಕೂತುಕೊಳ್ಳಿ, ಹಾಲು ಕುಡಿಯುತ್ತೀರಾ ಎಂದು. ಸರ್ ಬಾಯಿ ತೆರೆದದ್ದು ಹಾಗೇ ಉಳಿಯಿತು. ನನ್ನದೂ ಅಷ್ಟೇ.

“ದೊಡ್ಡವ್ವ, ನಿಮಗ ತೆಲುಗು ಬರತೈತಿ?”

“ಬ್ಯಾಸಿಗ್ಯಾಗ ಕುರಿ ಹೊಡಕೊಂಡು ಆಂಧ್ರದಾಗ ರಾಯದುರ್ಗ, ಕಲ್ಯಾಣದುರ್ಗದ ಕಡಿ ಅಡ್ಡಾಡೋರು ನಾವು. ಬರದ ಏನು?”

“ಮತ್ತ ಇಷ್ಟು ದಿನ ಯಾಕ ಹೇಳ್ಲಿಲ್ಲ? ನಾ ಯಾಕ ಬೇಕಿತ್ತು ನಡುವ?”

“ಇಷ್ಟು ದಿನ ಸಾಹೇಬ್ರು ನನ್ನ ಎಲ್ಲಿ ಮಾತಾಡ್ಸಿದ್ರು?”

ಅದನ್ನೇ ಸರ್ ಕಡೆ ತಿರುಗಿ ತೆಲುಗಿನಲ್ಲೂ ಅಂದಳು. ಯಾರೂ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಶಿವಲೀಲಾ ತಂದಿಟ್ಟ ಕುರ್ಚಿಯನ್ನು ಅವರು ಪಕ್ಕಕ್ಕೆ ಸರಿಸಿ, ಓಬಮ್ಮನ ಎದುರಿಗೆ ಕಂಬಳಿಯ ಮೇಲೆ ಕೂತರು. ಹಾಲು ಬಂತು. ಮಾತು ಶುರುವಾಯಿತು. ಕುರಿಯದ್ದೋ, ರಸ್ತೆಯದ್ದೋ, ಹೈದರಾಬಾದಿನಲ್ಲಿರುವ ಅವರ ತಾಯಿಯದ್ದೋ, ನನ್ನ ಅರೆಬರೆ ತೆಲುಗಿಗೆ ಪೂರ್ತಿ ಸಿಗಲಿಲ್ಲ. ಅಂಜಿನಿ ಎರಡು ಸಲ ಬಂದು ಹೊರಡೋಣವೇ ಎಂದು ಕೇಳಿ ಹೋದ. ಇಬ್ಬರಿಗೂ ಕೇಳಿಸಲಿಲ್ಲ.